ಹರ್ನಿಯಾ ಆಪರೇಷನ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಸರ್ಜರಿ ವಾರ್ಡಿನ ನರ್ಸ್ ಆಗಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಹರ್ನಿಯಾ ಅಂತ ಬರುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೆಲವನ್ನು ಡಾಕ್ಟರ ಎದುರು ಕೇಳುವುದಕ್ಕೆ ಸಂಕೋಚ. ರೌಂಡ್ಸ್ ಮುಗಿದ ಮೇಲೆ, "ಸಿಸ್ಟರೇ, ಒಂದು ಮಾತು" ಅಂತ ಮೆಲ್ಲಗೆ ಶುರುವಾಗುತ್ತದೆ. ಅವನ್ನೂ ಇಲ್ಲಿ ಸೇರಿಸಿದ್ದೇನೆ. ನಿಮ್ಮ ಹೊಟ್ಟೆ ಮುಟ್ಟಿ ನೋಡಿದ ಡಾಕ್ಟರ ಮಾತೇ ಕೊನೆಯದು. ಅವರ ಹತ್ತಿರ ಏನೇನು ಕೇಳಬೇಕು ಅಂತ ತಿಳಿದುಕೊಂಡು ಹೋಗಲು ಇದು ಸಹಾಯ ಆಗಬಹುದು.

ಹರ್ನಿಯಾ ಅಂದರೆ ನಿಜಕ್ಕೂ ಏನು?

ಹೊಟ್ಟೆಯ ಗೋಡೆಯಲ್ಲಿ ಒಂದು ಜಾಗ ಸಡಿಲವಾಗಿ, ಅಲ್ಲಿಂದ ಒಳಗಿನ ಕೊಬ್ಬು ಅಥವಾ ಕರುಳು ಹೊರಗೆ ತಳ್ಳಿಕೊಂಡು ಬರುವುದು. ನಮ್ಮ ಕಡೆ "ಕರುಳು ಇಳಿದಿದೆ" ಅನ್ನುತ್ತಾರೆ. ಗಂಡಸರಲ್ಲಿ ಜಾಸ್ತಿ ಕಾಣುವುದು ತೊಡೆಸಂದಿನಲ್ಲಿ. ಗಂಡುಮಗು ಹುಟ್ಟುವ ಮೊದಲು ಬೀಜ ಹೊಟ್ಟೆಯಿಂದ ಕೆಳಗೆ ಇಳಿದು ಬರುವ ದಾರಿ ಅದು. ಹಾಗಾಗಿ ಅಲ್ಲಿ ಮೊದಲಿನಿಂದಲೂ ಬಲ ಕಡಿಮೆ. ಹೆಂಗಸರಲ್ಲಿ ಹೊಕ್ಕುಳ ಹತ್ತಿರವೂ ಬರುತ್ತದೆ. ಸಿಸೇರಿಯನ್ ಅಥವಾ ಗರ್ಭಕೋಶದ ಆಪರೇಷನ್ ಆದ ಹಳೆಯ ಗಾಯದ ಜಾಗದಲ್ಲೂ ಬರುತ್ತದೆ.

ನಿಂತಾಗ, ಕೆಮ್ಮಿದಾಗ, ಭಾರ ಎತ್ತಿದಾಗ ಗಡ್ಡೆ ಉಬ್ಬುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ. ಡಾಕ್ಟರು ಕೆಮ್ಮಿಸಿ ನೋಡುವುದು ಇದಕ್ಕೇ. ಬೀಜದ ಚೀಲದಲ್ಲಿ ನೀರು ತುಂಬುವುದು ಬೇರೆ ಕಾಯಿಲೆ. ಹೊರಗಿನಿಂದ ನೋಡಿ ನಾವೇ ತೀರ್ಮಾನ ಮಾಡುವುದು ಬೇಡ.

ಬೆಲ್ಟ್, ನಾಟಿ ಔಷಧಿ, ಯೋಗ: ಇವುಗಳಿಂದ ವಾಸಿ ಆಗುವುದಿಲ್ಲವಾ?

ಆಗುವುದಿಲ್ಲ. ಬೇಲಿಯಲ್ಲಿ ಕಂಡಿ ಬಿದ್ದರೆ ಅದನ್ನು ಕಟ್ಟಲೇಬೇಕು, ದನಕ್ಕೆ ಏನು ತಿನ್ನಿಸಿದರೂ ಕಂಡಿ ಮುಚ್ಚುವುದಿಲ್ಲ. ಇದೂ ಹಾಗೆಯೇ. ಕುಡಿಯುವ ಕಷಾಯವಾಗಲಿ, ಹಚ್ಚುವ ಲೇಪವಾಗಲಿ ಆ ತೂತಿನವರೆಗೆ ಹೋಗಿ ಅದನ್ನು ಕೂಡಿಸುವುದಿಲ್ಲ. ಬೆಲ್ಟ್ ಕಟ್ಟಿದರೆ ಗಡ್ಡೆ ಸ್ವಲ್ಪ ಹೊತ್ತು ಒಳಗೆ ಕೂರುತ್ತದೆ, ಅಷ್ಟೇ. ಗಡ್ಡೆ ಹೊರಗಿರುವಾಗಲೇ ಅದರ ಮೇಲೆ ಬಿಗಿಯಾಗಿ ಬೆಲ್ಟ್ ಕಟ್ಟುವುದು ಅಪಾಯ. ಎಣ್ಣೆ ಹಾಕಿ ತಿಕ್ಕಿಸುವುದಂತೂ ದಯವಿಟ್ಟು ಬೇಡ. ನಾಟಿ ವೈದ್ಯರ ಮೇಲೆ ನಮ್ಮ ಜನಕ್ಕೆ ಎಷ್ಟು ನಂಬಿಕೆ ಇದೆ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಇದೆ. ಆದರೆ ಈ ಒಂದು ವಿಷಯದಲ್ಲಿ ಕಾಯುತ್ತಾ ಕೂತರೆ ತೂತು ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ನೋವೇ ಇಲ್ಲ. ಆದರೂ ಆಪರೇಷನ್ ಬೇಕಾ?

ಎಲ್ಲರಿಗೂ ತಕ್ಷಣ ಬೇಕಿಲ್ಲ. ತೊಡೆಸಂದಿನ ಹರ್ನಿಯಾ ಇದ್ದು, ತೊಂದರೆ ಏನೂ ಇಲ್ಲದ ಅಥವಾ ತೀರಾ ಕಡಿಮೆ ಇರುವ ಗಂಡಸರ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದ್ದರು. ಅದು 2006ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಆಪರೇಷನ್ ಮಾಡಿದರು, ಉಳಿದವರನ್ನು ಹಾಗೇ ಗಮನಿಸುತ್ತಾ ಹೋದರು. ಕಾದವರಲ್ಲಿ ಕರುಳು ಸಿಕ್ಕಿಹಾಕಿಕೊಂಡು ತುರ್ತು ಪರಿಸ್ಥಿತಿ ಬಂದದ್ದು ಬಹಳ ಅಪರೂಪ, ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ. ಹಾಗಾಗಿ "ಇವತ್ತೇ ಮಾಡಿಸದಿದ್ದರೆ ಜೀವಕ್ಕೆ ಅಪಾಯ" ಅಂತ ಯಾರಾದರೂ ಹೆದರಿಸಿದರೆ ಗಾಬರಿ ಆಗಬೇಡಿ.

ಅದೇ ಅಧ್ಯಯನದ ಇನ್ನೊಂದು ಭಾಗ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಕಾಯುತ್ತೇವೆ ಅಂದವರಲ್ಲಿ ಸುಮಾರು ಕಾಲು ಭಾಗ ಜನ ಎರಡು ವರ್ಷದೊಳಗೆ ತಾವೇ ಆಪರೇಷನ್ ಮಾಡಿಸಿಕೊಂಡರು. ಹತ್ತು ವರ್ಷ ಆಗುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಜನ ಮಾಡಿಸಿಕೊಂಡಿದ್ದರು. ಹೆಚ್ಚಿನವರಿಗೆ ಕಾರಣ ಒಂದೇ, ನೋವು ಜಾಸ್ತಿಯಾದದ್ದು. ಅಂದರೆ ಕಾಯಬಹುದು, ಆದರೆ ಬಹಳ ಜನಕ್ಕೆ ಒಂದಲ್ಲ ಒಂದು ದಿನ ಆಪರೇಷನ್ ಟೇಬಲ್ ತಪ್ಪುವುದಿಲ್ಲ.

ಈ ಲೆಕ್ಕ ಗಂಡಸರ ತೊಡೆಸಂದಿನ ಹರ್ನಿಯಾಕ್ಕೆ ಮಾತ್ರ. ಹೆಂಗಸರಿಗೆ ತೊಡೆಸಂದಿನಲ್ಲಿ ಅಥವಾ ಅದರ ಸ್ವಲ್ಪ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಗಡ್ಡೆ ಬಂದರೆ ಕಾಯುವ ಮಾತು ಬೇಡ. ತೊಡೆಯ ಮೇಲ್ಭಾಗದಲ್ಲಿ ಬರುವ ಹರ್ನಿಯಾದ ಬಾಯಿ ಚಿಕ್ಕದು, ಕರುಳು ಬೇಗ ಸಿಕ್ಕಿಕೊಳ್ಳುತ್ತದೆ. ನಮ್ಮ ಹೆಂಗಸರು ಆ ಜಾಗ ತೋರಿಸಲು ನಾಚಿ ವರ್ಷಗಟ್ಟಲೆ ಸೀರೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಅಂಥವರನ್ನು ನೋಡಿದಾಗ. ಲೇಡಿ ಡಾಕ್ಟರೇ ಬೇಕು ಅಂದರೆ ಕೇಳಿ, ತಪ್ಪೇನಿಲ್ಲ. ತೋರಿಸುವುದು ಮಾತ್ರ ಮುಂದೆ ಹಾಕಬೇಡಿ.

ಯಾವಾಗ ಒಂದು ಕ್ಷಣವೂ ಕಾಯಬಾರದು?

ಮಲಗಿದರೆ ಒಳಗೆ ಹೋಗುತ್ತಿದ್ದ ಗಡ್ಡೆ ಇದ್ದಕ್ಕಿದ್ದಂತೆ ಹೋಗದೆ ಗಟ್ಟಿಯಾದರೆ. ಮುಟ್ಟಿದರೆ ಜೀವ ಹೋಗುವಷ್ಟು ನೋವಾದರೆ. ಅದರ ಮೇಲಿನ ಚರ್ಮ ಕೆಂಪಗೋ ಕಪ್ಪಗೋ ಆದರೆ. ವಾಂತಿ ಶುರುವಾದರೆ, ಹೊಟ್ಟೆ ಉಬ್ಬರಿಸಿ ಗ್ಯಾಸು, ಮಲ ಎರಡೂ ನಿಂತರೆ. ಕರುಳಿಗೆ ರಕ್ತ ಹೋಗುವುದು ನಿಂತಿರಬಹುದು. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಆಮೇಲೆ ಅದು ಬರೀ ಹರ್ನಿಯಾ ಆಪರೇಷನ್ ಆಗಿ ಉಳಿಯುವುದಿಲ್ಲ, ಕರುಳಿನ ತುಂಡನ್ನೇ ಕತ್ತರಿಸಿ ಜೋಡಿಸಬೇಕಾಗುತ್ತದೆ.

ಅಂಥ ಹೊತ್ತಿನಲ್ಲಿ ಗಡ್ಡೆಯನ್ನು ಬಲವಾಗಿ ಒಳಗೆ ಒತ್ತಬೇಡಿ. ಊಟ, ನೀರು, ಕಾಫಿ ಏನೂ ಕೊಡಬೇಡಿ. 108ಕ್ಕೆ ಫೋನ್ ಮಾಡಿ. ಬೆಳಗಿನ ಬಸ್ಸಿಗೆ ಹೋಗೋಣ ಅಂತ ರಾತ್ರಿಯೆಲ್ಲ ಕಾಯಬೇಡಿ.

ಯಾವ ತಿಂಗಳಲ್ಲಿ ಮಾಡಿಸಿಕೊಂಡರೆ ಒಳ್ಳೆಯದು?

ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಸಂತೋಷ. ಆಪರೇಷನ್ನಿನ ದಿನವನ್ನು ನೀವು ಆರಿಸಬೇಕು. ಅದನ್ನು ಹರ್ನಿಯಾಕ್ಕೆ ಬಿಟ್ಟರೆ ಅದು ಆಷಾಢದ ಮಳೆ ಸುರಿಯುವ ನಡುರಾತ್ರಿಯನ್ನೇ ಆರಿಸಬಹುದು. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಮರ ಬಿದ್ದು ರಸ್ತೆ ಮುಚ್ಚಿ, ಫೋನಿಗೆ ಸಿಗ್ನಲ್ಲೂ ಇಲ್ಲದ ಊರಿನಿಂದ ಶಿವಮೊಗ್ಗ ಎಷ್ಟು ದೂರ ಅಂತ ನಿಮಗೇ ಗೊತ್ತಲ್ವಾ?

ತೋಟದ ಮನೆಗಳಿಗೆ ಕಾರ್ತಿಕದಿಂದ ಸಂಕ್ರಾಂತಿ ದಾಟುವವರೆಗೂ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಜೂನ್ ಬಂತೆಂದರೆ ಕೊಳೆರೋಗಕ್ಕೆ ಬೋರ್ಡೋ ಔಷಧಿ, ಗದ್ದೆ ಇದ್ದವರಿಗೆ ನೆಟ್ಟಿ. ಇವೆರಡರ ನಡುವೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸ್ವಲ್ಪ ಬಿಡುವು ಸಿಗುತ್ತದೆ. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಕಾಲ. ಮಳೆಗಾಲದಲ್ಲಿ ಗಾಯ ಕೀವಾಗುತ್ತದೆ ಅಂತಲ್ಲ. ಆಸ್ಪತ್ರೆಯಲ್ಲಿ ಎಲ್ಲ ಕಾಲದಲ್ಲೂ ಒಂದೇ ಶುಚಿ ಇರುತ್ತದೆ. ತೊಂದರೆ ಇರುವುದು ಮನೆಯಲ್ಲಿ. ಅಂಗಳದ ತುಂಬ ಪಾಚಿ, ಕಾಲು ಜಾರಿದರೆ ಹೊಲಿಗೆಯ ಮೇಲೆ ಜಗ್ಗು ಬೀಳುತ್ತದೆ. ಒಳಬಟ್ಟೆ ಒಣಗುವುದಿಲ್ಲ. ಶೀತ ಕೆಮ್ಮು ಹಿಡಿದರೆ ಒಂದೊಂದು ಕೆಮ್ಮಿಗೂ ಗಾಯ ಹಿಡಿದುಕೊಳ್ಳಬೇಕು.

ಇದೆಲ್ಲ ತೊಂದರೆ ಕಡಿಮೆ ಇರುವವರಿಗೆ. ನೋವು ದಿನದಿನಕ್ಕೆ ಜಾಸ್ತಿಯಾಗುತ್ತಿದ್ದರೆ, ಗಡ್ಡೆ ಒಳಗೆ ತಳ್ಳುವುದೇ ಕಷ್ಟವಾಗುತ್ತಿದ್ದರೆ ಕೊಯ್ಲು ಗಿಯ್ಲು ನೋಡಬೇಡಿ.

ಕೊಯ್ದು ಮಾಡುವುದು ಒಳ್ಳೆಯದೋ, ಲ್ಯಾಪರೋಸ್ಕೋಪಿಯೋ?

ತೆರೆದ ಆಪರೇಷನ್ನಿನಲ್ಲಿ ತೊಡೆಸಂದಿನ ಮೇಲೆ ಎರಡು ಮೂರು ಇಂಚು ಕೊಯ್ದು, ಕರುಳನ್ನು ಒಳಗೆ ಸೇರಿಸಿ, ತೂತಿಗೆ ಅಡ್ಡವಾಗಿ ತೆಳ್ಳನೆಯ ಬಲೆ (ಮೆಶ್) ಇಟ್ಟು ಹೊಲಿಯುತ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಬರೀ ಆ ಜಾಗ ಮರಗಟ್ಟಿಸಿಯೂ ಮಾಡಬಹುದು. ಲ್ಯಾಪರೋಸ್ಕೋಪಿಯಲ್ಲಿ ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ, ಒಳಗಡೆಯಿಂದ ಬಲೆ ಇಡುತ್ತಾರೆ. ಇದಕ್ಕೆ ಹೆಚ್ಚಾಗಿ ಪೂರ್ತಿ ಮಂಪರು ಬೇಕು, ಖರ್ಚೂ ಜಾಸ್ತಿ.

ಲ್ಯಾಪರೋಸ್ಕೋಪಿಯಲ್ಲಿ ಮೊದಲ ದಿನಗಳ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಎರಡೂ ಕಡೆ ಹರ್ನಿಯಾ ಇದ್ದರೆ, ಅಥವಾ ಮೊದಲು ತೆರೆದು ಮಾಡಿದ್ದು ಮತ್ತೆ ಬಂದಿದ್ದರೆ ಅದು ಮೇಲು. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಗ್ರಂಥಿ) ಆಪರೇಷನ್ ಆಗಿರುವವರಿಗೆ ತೆರೆದ ಆಪರೇಷನ್ನೇ ಸಲೀಸು. ಹರ್ನಿಯಾ ಮರುಕಳಿಸುವ ವಿಷಯದಲ್ಲಿ, ಪಳಗಿದ ಕೈ ಮಾಡಿದರೆ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಆದ್ದರಿಂದ "ಯಾವುದು ಒಳ್ಳೆಯದು" ಅಂತ ಕೇಳುವ ಬದಲು "ಡಾಕ್ಟ್ರೇ, ನೀವು ಯಾವುದನ್ನು ಜಾಸ್ತಿ ಮಾಡುತ್ತೀರಿ, ನನಗೆ ಯಾಕೆ ಇದು" ಅಂತ ಕೇಳಿ.

ಬಲೆ ಜೀವನಪೂರ್ತಿ ಒಳಗೇ ಇರುತ್ತದಾ? ಏನೂ ಆಗುವುದಿಲ್ಲವಾ?

ಅಲ್ಲೇ ಇರುತ್ತದೆ. ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ದಾರದಿಂದ ಹೆಣೆದ ತೆಳ್ಳನೆಯ ಬಲೆ. ಮೈಯ ಮಾಂಸ ಅದರ ಕಣ್ಣುಗಳ ಮೂಲಕ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ. ಬರೀ ಹೊಲಿಗೆ ಹಾಕಿ ಬಿಟ್ಟರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಬಲೆ ಹಾಕಿದರೆ ನೂರರಲ್ಲಿ ಕೆಲವರಿಗೆ ಮಾತ್ರ.

ತೊಂದರೆ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಪರೂಪಕ್ಕೆ ಬಲೆಗೆ ಸೋಂಕು ಹತ್ತುತ್ತದೆ. ತೊಡೆಸಂದಿನ ಆಪರೇಷನ್ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳು ಕಳೆದರೂ ಸ್ವಲ್ಪ ನೋವೋ, ಎಳೆತವೋ ಉಳಿಯಬಹುದು. ದಿನದ ಕೆಲಸಕ್ಕೇ ಅಡ್ಡಿ ಆಗುವಷ್ಟು ನೋವು ಉಳಿಯುವುದು ಇನ್ನೂ ಕಡಿಮೆ ಜನಕ್ಕೆ. ಈಗ ಒಂದಿಷ್ಟೂ ನೋವಿಲ್ಲದವರು ನಿರ್ಧಾರ ಮಾಡುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಹಿ ಹಾಕುವ ಮೊದಲು ಇದನ್ನು ಡಾಕ್ಟರ ಬಾಯಿಂದಲೇ ಕೇಳಿ.

ಗಂಡಸುತನಕ್ಕೆ ತೊಂದರೆ ಆಗುತ್ತದಾ?

ಇಲ್ಲ. ಇದು ಅತಿ ಮೆಲ್ಲಗೆ ಕೇಳುವ ಪ್ರಶ್ನೆ, ಅದಕ್ಕೇ ಜೋರಾಗಿ ಉತ್ತರ ಹೇಳುತ್ತೇನೆ. ವೀರ್ಯ ಬರುವ ನಾಳ ಮತ್ತು ಬೀಜಕ್ಕೆ ಹೋಗುವ ರಕ್ತನಾಳ ಅದೇ ದಾರಿಯಲ್ಲಿ ಇರುವುದು ನಿಜ. ಸರ್ಜನ್ನರು ಅವನ್ನು ಬಿಡಿಸಿ ಪಕ್ಕಕ್ಕೆ ಇಟ್ಟು ಕೆಲಸ ಮಾಡುತ್ತಾರೆ. ರಕ್ತನಾಳಕ್ಕೆ ಪೆಟ್ಟಾಗಿ ಬೀಜ ಸಣ್ಣದಾಗುವುದು ಅಪರೂಪ. ಅದೇ ಜಾಗದಲ್ಲಿ ಎರಡನೇ ಸಲ ಆಪರೇಷನ್ ಆಗುವವರಿಗೆ ಆ ಭಯ ಸ್ವಲ್ಪ ಹೆಚ್ಚು. ಎರಡು ಮೂರು ವಾರ ಕಳೆದು, ನೋವು ಇಲ್ಲ ಅನಿಸಿದ ಮೇಲೆ ಗಂಡ ಹೆಂಡತಿ ಕೂಡಬಹುದು.

ಮಕ್ಕಳಿಗೆ ಬಂದರೆ?

ಹೊಕ್ಕುಳ ಉಬ್ಬು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಹೋಗುತ್ತದೆ. ನಾಣ್ಯ ಇಟ್ಟು ಬಟ್ಟೆ ಬಿಗಿಯುವುದು ಬೇಡ, ಚರ್ಮ ಕೆಡುತ್ತದೆ. ತೊಡೆಸಂದಿನದು ಹಾಗೆ ಹೋಗುವುದಿಲ್ಲ. ಅದು ಕಂಡ ಕೂಡಲೇ ಮಕ್ಕಳ ಸರ್ಜನ್ನರಿಗೆ ತೋರಿಸಿ. ಎಳೆ ಮಗುವಾದಷ್ಟೂ ಬೇಗ ತೋರಿಸಬೇಕು. ಮಕ್ಕಳಿಗೆ ಬಲೆ ಹಾಕುವುದಿಲ್ಲ.

ಆಪರೇಷನ್ನಿಗೆ ಮೊದಲು ನಾವು ಏನು ಮಾಡಬೇಕು?

ಬೀಡಿ, ಸಿಗರೇಟು ಬಿಡಬೇಕು. ಒಂದು ತಿಂಗಳು ಮೊದಲೇ ಬಿಟ್ಟರೆ ಗಾಯ ಚೆನ್ನಾಗಿ ಕೂಡುತ್ತದೆ, ಕೆಮ್ಮೂ ತಗ್ಗುತ್ತದೆ. ಕವಳದ ತಂಬಾಕಿಗೂ ಇದೇ ಮಾತು. ಹಳೆಯ ಕೆಮ್ಮು, ಮಲಬದ್ಧತೆ, ಮೂತ್ರಕ್ಕೆ ತಿಣುಕುವುದು ಇದ್ದರೆ ಮೊದಲು ಅದಕ್ಕೆ ಔಷಧಿ ಮಾಡಿಸಿ. ಇವೆಲ್ಲ ಹಾಗೇ ಇದ್ದರೆ ಹೊಸ ಹೊಲಿಗೆಯ ಮೇಲೆ ದಿನಾ ಒತ್ತಡ ಬೀಳುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಚೀಲಕ್ಕೆ ಹಾಕಿಕೊಂಡು ಬನ್ನಿ. ಆರು ಗಂಟೆ ಮೊದಲಿನಿಂದ ಊಟ ಬೇಡ, ಹಾಲು ಹಾಕಿದ ಕಾಫಿಯೂ ಬೇಡ. ನೀರು ಎಷ್ಟು ಹೊತ್ತಿನವರೆಗೆ ಅಂತ ಮಂಪರಿನ ಡಾಕ್ಟರು ಹೇಳುತ್ತಾರೆ.

ಜ್ವರ ಇದ್ದರೆ ಮುಚ್ಚಿಡಬೇಡಿ. ಡಿಸೆಂಬರಿನಿಂದ ಮೇವರೆಗೆ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದು ಮೊದಲು ಗೊತ್ತಾದದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಸೊಪ್ಪು, ದರಕು ತರಲು ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ ಅದನ್ನು ಹೇಳಿ. ಈ ಜ್ವರದಲ್ಲಿ ರಕ್ತಸ್ರಾವ ಆಗುವ ಅಪಾಯ ಇದೆ, ಆಪರೇಷನ್ ಮುಂದೆ ಹಾಕಲೇಬೇಕು. ಆಪರೇಷನ್ ಆದ ಮೇಲೆ ಬಂದ ಜ್ವರವನ್ನೂ ಬರೀ ಗಾಯದ ಜ್ವರ ಅಂದುಕೊಳ್ಳಬೇಡಿ.

ಆಪರೇಷನ್ ಆದ ಮೇಲಿನ ಮೊದಲ ದಿನಗಳು ಹೇಗಿರುತ್ತವೆ?

ಬೆನ್ನಿನ ಇಂಜೆಕ್ಷನ್ ಕೊಟ್ಟಿದ್ದರೆ ಕೆಲವು ಗಂಟೆ ಕಾಲು ಮರಗಟ್ಟಿರುತ್ತದೆ. ಹೆದರಬೇಡಿ. ಮೂತ್ರ ಬರುವುದು ಸ್ವಲ್ಪ ತಡವಾಗಬಹುದು, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಇನ್ನೂ ತಡ. ಹೊಟ್ಟೆ ಬಿಗಿದುಕೊಂಡರೆ ನರ್ಸಿಗೆ ಹೇಳಿ, ನಾಚಿಕೆ ಬೇಡ.

ಆ ದಿನ ಸಂಜೆಗೋ ಮಾರನೆಯ ಬೆಳಗ್ಗೆಯೋ ಎಬ್ಬಿಸಿ ನಡೆಸುತ್ತೇವೆ. ಮನೆಯವರಿಗೆ ಇದು ಕ್ರೂರ ಅನಿಸುತ್ತದೆ. "ಮಲಗಲಿ ಬಿಡಿ, ಪಾಪ" ಅನ್ನುತ್ತಾರೆ. ಆದರೆ ಸುಮ್ನೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟುತ್ತದೆ, ಮಲ ಗಟ್ಟಿಯಾಗುತ್ತದೆ. ನಡೆದರೆ ಹೊಲಿಗೆ ಬಿಚ್ಚುವುದಿಲ್ಲ. ಏಳುವಾಗ ನೇರವಾಗಿ ಏಳಬೇಡಿ. ಒಂದು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಕೆಮ್ಮು, ಸೀನು ಬಂದರೆ ಗಾಯದ ಮೇಲೆ ಅಂಗೈ ಅಥವಾ ಸಣ್ಣ ದಿಂಬು ಒತ್ತಿ ಹಿಡಿಯಿರಿ. ಮನೆಯಲ್ಲಿ ಎರಡು ವಾರ ಚಾಪೆ ಬಿಟ್ಟು ಮಂಚದ ಮೇಲೆ ಮಲಗಿ.

ಎರಡನೇ ಮೂರನೇ ದಿನ ಬೀಜದ ಚೀಲ ಊದಿ, ನೇರಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಗಾಬರಿಯಿಂದ ಫೋನ್ ಮಾಡುವವರು ಬಹಳ. ಒಳಗಿನ ರಕ್ತ ಕೆಳಗೆ ಇಳಿದಿರುತ್ತದೆ. ಒಂದೆರಡು ವಾರದಲ್ಲಿ ಹೋಗುತ್ತದೆ. ಬಿಗಿಯಾದ ಒಳಚಡ್ಡಿ ಹಾಕಿದರೆ ಹಿತ. ಹಳೆಯ ಗಡ್ಡೆಯ ಜಾಗದಲ್ಲೇ ಮತ್ತೆ ಮೆತ್ತಗೆ ಉಬ್ಬಿದರೂ ಅದು ಹೆಚ್ಚಾಗಿ ನೀರು ತುಂಬಿದ್ದು. ಕೆಲವು ವಾರಗಳಲ್ಲಿ ಇಂಗುತ್ತದೆ. ಡಾಕ್ಟರಿಗೆ ಒಮ್ಮೆ ತೋರಿಸಿ, ಸೂಜಿ ಚುಚ್ಚಿ ತೆಗೆಯಿರಿ ಅಂತ ಒತ್ತಾಯ ಮಾಡಬೇಡಿ. ಗಾಯದ ಸುತ್ತ ಜೋಮು ಹಿಡಿದ ಹಾಗೆ ಇರುವುದೂ ಸಹಜ. ಕೆಲವರಿಗೆ ಸ್ವಲ್ಪ ಜಾಗ ಹಾಗೇ ಉಳಿಯುತ್ತದೆ.

ನೋವಿನ ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ನೋವು ತಡೆದುಕೊಂಡು ದೊಡ್ಡವರಾಗುವುದು ಏನಿಲ್ಲ. ನೋವಿದ್ದರೆ ನಡೆಯುವುದಿಲ್ಲ, ನಡೆಯದಿದ್ದರೆ ಬೇರೆ ತೊಂದರೆ. ಆದರೆ ಬರೆದುಕೊಟ್ಟದ್ದನ್ನು ಬಿಟ್ಟು ಮೆಡಿಕಲ್ ಶಾಪಿನಲ್ಲಿ ಕೇಳಿ ಬೇರೆ ಮಾತ್ರೆ ನುಂಗಬೇಡಿ. ಕೆಲವು ಕಿಡ್ನಿಗೆ, ಹೊಟ್ಟೆಗೆ ಕೆಟ್ಟವು.

ಪಥ್ಯ ಏನು?

ಅಂಥದ್ದೇನೂ ಇಲ್ಲ. ಬದನೆಕಾಯಿ ನಂಜು, ಮೀನು ನಂಜು ಅಂತ ತಿಂಗಳಗಟ್ಟಲೆ ಬರೀ ಸಪ್ಪೆ ಗಂಜಿ ಕೊಡುತ್ತಾರೆ. ಮೊದಲ ದಿನ ಗಂಜಿ ಸರಿ. ಆಮೇಲೆ ಗಾಯ ಕೂಡಲು ಬೇಳೆ, ಕಾಳು, ಮೊಟ್ಟೆ, ತಿನ್ನುವವರಿಗೆ ಮೀನು ಬೇಕು. ಮಲ ಗಟ್ಟಿಯಾಗದ ಹಾಗೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಬಾಳೆದಿಂಡಿನ ಪಲ್ಯ, ಬಸಳೆ ಸಾರು, ಪಪ್ಪಾಯಿ, ಬೇಕಾದಷ್ಟು ನೀರು. ಎರಡು ದಿನ ಆಗದಿದ್ದರೆ ತಿಣುಕಬೇಡಿ, ಔಷಧಿ ಕೇಳಿ.

ಸ್ನಾನ, ಬೈಕು, ತೋಟದ ಕೆಲಸ: ಯಾವುದು ಯಾವಾಗ?

ಸಾಮಾನ್ಯವಾಗಿ ಎರಡು ದಿನದ ನಂತರ ಸ್ನಾನ ಮಾಡಬಹುದು. ಮೈ ಮೇಲೆ ನೀರು ಹುಯ್ದುಕೊಂಡು ಗಾಯವನ್ನು ತಿಕ್ಕದೆ ಮೆಲ್ಲಗೆ ಒತ್ತಿ ಒರೆಸಿ. ಹೊಳೆ, ಕೆರೆಗೆ ಇಳಿಯುವುದು ಗಾಯ ಪೂರ್ತಿ ಒಣಗಿದ ಮೇಲೆ. ತೆಗೆಯುವ ಹೊಲಿಗೆ ಆದರೆ ಏಳರಿಂದ ಹತ್ತು ದಿನಕ್ಕೆ ತೆಗೆಯುತ್ತಾರೆ.

ಬೈಕಿಗೆ ಒಂದೆರಡು ವಾರ. ಥಟ್ಟನೆ ಬ್ರೇಕ್ ಒತ್ತಿದರೆ ನೋವಾಗಬಾರದು, ಅದೇ ಅಳತೆ. ನಮ್ಮ ರಸ್ತೆಯ ಗುಂಡಿಗಳನ್ನು ನೆನೆಸಿಕೊಂಡರೆ ಎರಡು ವಾರ ಅನ್ನುವುದೇ ಲೇಸು.

ಅಂಗಡಿ, ಆಫೀಸು, ಶಾಲೆಯ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಸಣ್ಣಪುಟ್ಟ ಮನೆಗೆಲಸ ಮೊದಲ ವಾರದಿಂದಲೇ ಅಡ್ಡಿಯಿಲ್ಲ. ಭಾರದ ಕೆಲಸಕ್ಕೆ ಹೆಚ್ಚಿನ ಸರ್ಜನ್ನರು ನಾಲ್ಕರಿಂದ ಆರು ವಾರ ಬೇಡ ಅನ್ನುತ್ತಾರೆ. ಭಾರ ಅಂದರೆ ಎಷ್ಟು? ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ಅಕ್ಕಿ ಮೂಟೆ 25. ಒಂದು ಕೊಡ ನೀರೇ ಹತ್ತು ಕೆ.ಜಿ. ದಾಟುತ್ತದೆ. ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ, ಬೆನ್ನಿಗೆ ಕಟ್ಟುವ ಔಷಧಿ ಪಂಪು, ಎಲ್ಲವೂ ಈ ಲೆಕ್ಕಕ್ಕೇ. ಅಡಿಕೆ ಮರ ಹತ್ತುವವರು ಡಾಕ್ಟರು ನೋಡಿ ಒಪ್ಪಿಗೆ ಕೊಡುವವರೆಗೂ ಹತ್ತಲೇಬಾರದು. ತೊಡೆ ಬಿಗಿದು ಮೇಲಕ್ಕೆ ಜಿಗಿಯುವ ಆ ಕೆಲಸದಲ್ಲಿ ಪೂರ್ತಿ ಬಲ ಬೀಳುವುದು ಅದೇ ಜಾಗಕ್ಕೆ.

ಹೆಂಗಸರ ವಿಷಯ ಬೇರೆಯಾಗಿ ಹೇಳಲೇಬೇಕು. ಗಂಡಸಿಗೆ ಆಪರೇಷನ್ ಆದರೆ ಮನೆಯವರೆಲ್ಲ ಅವರ ಕೆಲಸ ಹಂಚಿಕೊಳ್ಳುತ್ತಾರೆ. ಅಮ್ಮನಿಗೋ ಅತ್ತಿಗೆಗೋ ಆದರೆ ಹತ್ತನೇ ದಿನಕ್ಕೆ ಕೊಟ್ಟಿಗೆಗೆ ಇಳಿದಿರುತ್ತಾರೆ. ಹಾಲು ಕರೆಯುವವರು ಯಾರು, ನೀರು ತರುವವರು ಯಾರು, ಬಾಣಲೆ ಇಳಿಸುವವರು ಯಾರು ಅಂತ ಆಪರೇಷನ್ನಿಗೆ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ಈ ಮಾತನ್ನು ಗಂಡನೋ ಮಗನೋ ಎತ್ತಬೇಕು. ಹೆಂಗಸರು ತಾವಾಗಿ ಕೇಳುವುದಿಲ್ಲ.

ಮನೆಗೆ ಬಂದ ಮೇಲೆ ಯಾವಾಗ ವಾಪಸ್ ಓಡಬೇಕು?

ಜ್ವರ, ಗಾಯದಿಂದ ಕೀವು, ಸುತ್ತ ಕೆಂಪು ಹರಡುವುದು, ದಿನದಿನಕ್ಕೆ ಏರುವ ನೋವು, ಮೂತ್ರ ಕಟ್ಟುವುದು, ನಿಲ್ಲದ ವಾಂತಿ. ಒಂದು ಮೀನಖಂಡ ಊದಿ ನೋವಾದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಆ ಕ್ಷಣವೇ ಹೊರಡಿ.

ಖರ್ಚಿಗೆ ಏನು ದಾರಿ?

ಸರ್ಕಾರಿ ವ್ಯವಸ್ಥೆಯಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗಬಹುದು. ಅಡ್ಮಿಟ್ ಆದ ಮೇಲೆ ಓಡಾಡುವುದು ಕಷ್ಟ. ಆಧಾರ್, ರೇಷನ್ ಕಾರ್ಡ್ ಹಿಡಿದುಕೊಂಡು ಮೊದಲೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಈ ಯೋಜನೆಯ ಕೆಲಸಕ್ಕೆ ಸಹಾಯ ಮಾಡುವವರು) ಕಂಡು ಮಾತಾಡಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ನಡೆಯುತ್ತದಾ ಅಂತಲೂ ಕೇಳಿ. ಬಲೆಯ ಬೆಲೆ ಪ್ಯಾಕೇಜಿನಲ್ಲಿ ಸೇರಿದೆಯಾ, ಬೇರೆ ಕೊಡಬೇಕಾ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿ.

ಇನ್ನೊಂದು ಕಡೆಗೂ ಬರುತ್ತದಾ?

ಬರಬಹುದು. ಒಂದು ಕಡೆ ಆದವರಿಗೆ ಇನ್ನೊಂದು ಕಡೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಅದು ಆಪರೇಷನ್ ಕೆಟ್ಟಿದ್ದರಿಂದ ಬಂದದ್ದಲ್ಲ. ಡಿಸ್ಚಾರ್ಜ್ ಕಾಗದವನ್ನು ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಪಹಣಿ, ಪಾಸ್‌ಬುಕ್ಕಿನ ಜೊತೆ ಇಡಿ. ಯಾವ ಕಡೆ, ಯಾವ ವಿಧಾನ, ಯಾವ ಬಲೆ ಅಂತ ಅದರಲ್ಲಿ ಬರೆದಿದೆಯಾ ಅಂತ ಆಸ್ಪತ್ರೆಯಿಂದ ಹೊರಡುವ ಮುನ್ನವೇ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಯಾವ ಡಾಕ್ಟರು ನೋಡಿದರೂ ಮೊದಲು ಕೇಳುವುದು ಅದನ್ನೇ.